ಎಂಎಫ್‌ಐ ಮಷೀನೋ, ಕ್ಯಾಪಿಲರಿ ರಿಯೋಮೀಟರೋ? ನನ್ನ ಓಟು ಮೊದಲನೆಯದಕ್ಕೆ

ಪೀಣ್ಯದ ನಮ್ಮ ಸಣ್ಣ ಮೋಲ್ಡಿಂಗ್ ಶೆಡ್ಡಿಗೆ ಎಂಎಫ್‌ಐ ಮಷೀನ್ (ಮೆಲ್ಟ್ ಫ್ಲೋ ಇಂಡೆಕ್ಸ್, ಅಂದರೆ ಕರಗಿದ ಪ್ಲಾಸ್ಟಿಕ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆಯುವುದು) ಬಂದು ಎರಡು ವರ್ಷವಾಯಿತು. ನಮ್ಮಲ್ಲಿ ಓಡುವುದು ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್), ಮಾಡುವುದು ಡಬ್ಬಿ ಮುಚ್ಚಳ. ಕೊಟ್ಟ ದುಡ್ಡಿಗೆ ಇಷ್ಟು ಕೆಲಸಕ್ಕೆ ಬಂದ ವಸ್ತು ಇನ್ನೊಂದಿಲ್ಲ. ಬೇರೆ ಬೇರೆ ವೇಗದಲ್ಲಿ ತಳ್ಳಿ ಹರಿವು ಅಳೆಯುವ ಕ್ಯಾಪಿಲರಿ ರಿಯೋಮೀಟರ್ ನಮ್ಮ ಕೈಗೆಟುಕುವಂಥದ್ದಲ್ಲ. ಹೊರಗಿನ ಲ್ಯಾಬಿನಲ್ಲಿ ಮೂರು ಸಲ ಟೆಸ್ಟ್ ಮಾಡಿಸಿದ್ದೇನೆ.

ಎಂಎಫ್‌ಐ ಕೆಲಸ ಸರಳ. 230 ಡಿಗ್ರಿಯಲ್ಲಿ ಕರಗಿದ ಪಿಪಿ, ಮೇಲೆ 2.16 ಕೆ.ಜಿ. ಭಾರ, ಕೆಳಗೆ ಡೈ, ಅಂದರೆ ಸಣ್ಣ ತೂತಿರುವ ತುಂಡು. 10 ನಿಮಿಷಕ್ಕೆ ಎಷ್ಟು ಗ್ರಾಂ ಇಳಿಯುತ್ತದೋ ಅದೇ ಅಂಕಿ.

ಕಾಟ ಕೊಡುವುದು ಕ್ಲೀನಿಂಗ್. ಕಳೆದ ವರ್ಷ ಸಪ್ಲೈಯರ್ ಚೀಟಿಯಲ್ಲಿ 11 ಎಂದಿದ್ದ ಲಾಟ್ ನಮ್ಮಲ್ಲಿ 9 ತೋರಿಸಿತು. ಮತ್ತೆ ಮಾಡಿದೆ, ಮತ್ತೆ 9. ಮಾಲು ವಾಪಸ್ ಎಂದು ಸಪ್ಲೈಯರಿಗೆ ಫೋನೂ ಮಾಡಿದೆ. ಆಮೇಲೆ ಡೈ ತೆಗೆದು ಬೆಳಕಿಗೆ ಹಿಡಿದರೆ, ತೂತಿನ ಒಳಗೋಡೆಗೆ ಕಂದು ಪೊರೆ. ಹಾಲು ತಳ ಹಿಡಿದ ಪಾತ್ರೆಯ ಹಾಗೆ. ಆ ತೂತು ಇರುವುದೇ 2.095 ಮಿ.ಮೀ. ಹರಿವು ಸುಮಾರಾಗಿ ತೂತಿನ ಅಗಲದ ನಾಲ್ಕನೇ ಘಾತದ ಲೆಕ್ಕದಲ್ಲಿ ಬದಲಾಗುತ್ತದೆ. ತೂತು ನೂರಕ್ಕೆ 5ರಷ್ಟು ಕಿರಿದಾದರೆ ಸಾಕು, ಹರಿವು ನೂರಕ್ಕೆ 20ರ ಹತ್ತಿರ ಇಳಿಯುತ್ತದೆ. ಉಜ್ಜಿ ಕ್ಲೀನ್ ಮಾಡಿದ ಮೇಲೆ 11 ಬಂತು. ಸಪ್ಲೈಯರಿಗೆ ಕ್ಷಮೆ ಕೇಳಿದೆ.

ಈಗ ಪ್ರತಿ ಟೆಸ್ಟ್ ಆದ ತಕ್ಷಣ, ಬಿಸಿಯಿರುವಾಗಲೇ, ಕಡ್ಡಿಗೆ ಹತ್ತಿಬಟ್ಟೆ ಸುತ್ತಿ ಬ್ಯಾರೆಲ್ (ಪಿಪಿ ಕರಗುವ ಕೊಳವೆ) ಒರೆಸುತ್ತೇನೆ. ಡೈಗೆ ಸಣ್ಣ ಡ್ರಿಲ್, ಆಮೇಲೆ ತೂತಿನ ಅಳತೆ ಸರಿಯಿದೆಯೇ ಎಂದು ನೋಡುವ ಗೋ-ನೋಗೋ ಗೇಜ್. ಆರಿದರೆ ಪಿಪಿ ಕಚ್ಚಿಕೊಂಡುಬಿಡುತ್ತದೆ. ಎರಡು ಜೊತೆ ಗ್ಲೌಸ್ ಹಾಕಿದರೂ ಬೆರಳಿಗೆ ಬಿಸಿ ತಟ್ಟುತ್ತದೆ. ಟೆಸ್ಟಿಗಿಂತ ಇದಕ್ಕೇ ಜಾಸ್ತಿ ಹೊತ್ತು.

ಕ್ಯಾಪಿಲರಿ ಗೆಲ್ಲುವ ಜಾಗವೂ ಇದೆ. ಒಮ್ಮೆ ಎರಡು ಗ್ರೇಡ್ ತಂದಿದ್ದೆವು, ಎರಡೂ 11. ಒಂದು ತೆಳು ಮುಚ್ಚಳವನ್ನು ಪೂರ್ತಿ ತುಂಬಿತು. ಇನ್ನೊಂದು ಅಂಚು ಮುಟ್ಟುವ ಮೊದಲೇ ನಿಂತಿತು. ಕರಗಿದ ಪಿಪಿ ನೀರಿನ ಹಾಗಲ್ಲ ಅಲ್ವಾ, ಜೋರಾಗಿ ತಳ್ಳಿದಷ್ಟೂ ತೆಳ್ಳಗಾಗುತ್ತದೆ. ಎಷ್ಟು ತೆಳ್ಳಗಾಗುತ್ತದೆ ಎನ್ನುವುದು ಗ್ರೇಡಿನಿಂದ ಗ್ರೇಡಿಗೆ ಬೇರೆ. ಎಂಎಫ್‌ಐ ಕೊಡುವುದು ನಿಧಾನದ ಹರಿವಿನ ಒಂದೇ ಚುಕ್ಕೆ. ಲ್ಯಾಬಿನ ರಿಪೋರ್ಟಿನಲ್ಲಿ ಸೆಕೆಂಡಿಗೆ ಸಾವಿರಗಟ್ಟಲೆ ಶಿಯರ್ ರೇಟಿನವರೆಗೂ (ಮಾಲು ಎಷ್ಟು ಜೋರಾಗಿ ಹರಿಯುತ್ತದೆ ಎನ್ನುವ ಲೆಕ್ಕ) ತೆಳ್ಳಗಾಗುವ ಇಡೀ ಗೆರೆ ಇತ್ತು. ಎಡತುದಿಯಲ್ಲಿ ಎರಡೂ ಗೆರೆ ಒಂದರ ಮೇಲೊಂದು, ಬಲಕ್ಕೆ ಹೋದಂತೆ ದೂರ ದೂರ.

ಆದರೆ ಆ ರಿಪೋರ್ಟ್ ಬರಲು ಹತ್ತು ದಿನ ಹಿಡಿಯಿತು. ಅಷ್ಟರಲ್ಲಿ ನಮ್ಮಲ್ಲಿ ಲಾಟೇ ಮುಗಿದಿರುತ್ತದೆ. ಹಾಗಾಗಿ ಹೊಸ ಗ್ರೇಡ್ ತರುವಾಗ ಮಾತ್ರ ಕ್ಯಾಪಿಲರಿ, ದಿನದ ಲಾಟಿಗೆ ಎಂಎಫ್‌ಐ. ತಿಂಗಳಿಗೊಂದು ಗ್ರೇಡ್ ಬದಲಿಸುವವರ ಲೆಕ್ಕ ಬೇರೆಯಾಗಬಹುದು. ಮಷೀನ್ ತಗೊಳ್ಳುವವರು ಜೊತೆಗೇ ಇನ್ನೊಂದು ಡೈ ಮತ್ತು ಗೇಜ್ ತಗೊಳ್ಳಿ.