ಮಡಿಕೇರಿ ಶುಕ್ರವಾರದ ಸಂತೆ: ಮೂಳೆಗೆ ಏನು ಕೊಳ್ಳಬೇಕು, ಏನು ಬಿಡಬೇಕು

ಕಡುಬು, ನೂಪುಟ್ಟು, ಅಕ್ಕಿ ರೊಟ್ಟಿ. ಕೊಡಗಿನ ತಟ್ಟೆಯಲ್ಲಿ ಎಲ್ಲವೂ ಅಕ್ಕಿಯೇ, ಆದರೆ 100 ಗ್ರಾಂ ಅಕ್ಕಿಯಲ್ಲಿ ಕ್ಯಾಲ್ಸಿಯಂ ಇರುವುದು ಹೆಚ್ಚೆಂದರೆ 10 ಮಿಲಿಗ್ರಾಂ. ದೊಡ್ಡವರಿಗೆ ದಿನಕ್ಕೆ 1000 ಬೇಕು. ಆ ಕೊರತೆ ತುಂಬುವ ಸಾಮಾನು ಸಂತೆಯಲ್ಲಿ ಧಾರಾಳವಾಗಿದೆ. ಆರಿಸುವುದು ಗೊತ್ತಿರಬೇಕು.

ರಾಗಿಗೆ ಪೂರ್ಣ ಅಂಕ. 100 ಗ್ರಾಂನಲ್ಲಿ ಸುಮಾರು 360 ಮಿಲಿಗ್ರಾಂ. ಆದರೆ ಹಿಟ್ಟು ಕೊಳ್ಳಬೇಡಿ, ಕಾಳನ್ನೇ ಕೊಳ್ಳಿ. ಕ್ಯಾಲ್ಸಿಯಂ ಹೆಚ್ಚಿರುವುದು ಸಿಪ್ಪೆಯಲ್ಲಿ; ಬೆಳ್ಳಗೆ, ನುಣ್ಣಗೆ ಜರಡಿ ಹಿಡಿದ ಹಿಟ್ಟಿನಲ್ಲಿ ಅದು ಹೊರಗೆ ಹೋಗಿರುತ್ತದೆ. ಕಾಳನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಕ್ಯಾಲ್ಸಿಯಂ ಮೈಗೆ ಹತ್ತದಂತೆ ಹಿಡಿದಿಡುವ ಫೈಟೇಟ್ ಎಂಬ ಅಂಶ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಬಿಸಿಲಿಲ್ಲ, ಅರೆಬರೆ ಒಣಗಿದ ಮೊಳಕೆ ಬೂಸ್ಟು ಹಿಡಿಯುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಗೆ ಗರಿಗರಿ ಹುರಿದೇ ಮಿಲ್ಲಿಗೆ ಒಯ್ಯಿರಿ.

ಒಣಮೀನಿನ ಸಾಲಿನಲ್ಲಿ ನೆತ್ತಲಿ ಎಂಬ ಸಣ್ಣ ಮೀನು ಹುಡುಕಿ. ದೊಡ್ಡ ಮೀನಿನ ಮಾಂಸದಲ್ಲಿ ಕ್ಯಾಲ್ಸಿಯಂ ಅಷ್ಟಿಲ್ಲ, ಅದಿರುವುದು ಮುಳ್ಳಿನಲ್ಲಿ. ನೆತ್ತಲಿಯನ್ನು ಮುಳ್ಳುಸಮೇತ ಅಗಿಯಬಹುದು. ಮುಳ್ಳು ತೆಗೆದು ಅಡುಗೆ ಮಾಡಿದರೆ ಕೊಂಡದ್ದೇ ದಂಡ. ತೇವ ಅಂಟಿದ್ದು, ಕೆಂಪು ಕಲೆ ಬಿದ್ದದ್ದು, ಮೂಗಿಗೆ ಚುಚ್ಚುವ ವಾಸನೆಯದು ಬೇಡ. ಉಪ್ಪು ಇಳಿಯಲು ಬೆಚ್ಚಗಿನ ನೀರಿನಲ್ಲಿ 15 ನಿಮಿಷ ನೆನೆಸಿ, ನೀರು ಬದಲಿಸಿ ಮತ್ತೊಮ್ಮೆ. ಬಿಪಿ ಇದ್ದವರು ಅಪರೂಪಕ್ಕೆ ತಿಂದರೆ ಸಾಕು.

ಸೊಪ್ಪಿನಲ್ಲಿ ನುಗ್ಗೆ ಕೊಳ್ಳಿ, 100 ಗ್ರಾಂಗೆ 300 ಮಿಲಿಗ್ರಾಂ ದಾಟುತ್ತದೆ. ಪಾಲಕ್ ಬೇಡ; ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಮೈಗೆ ಹತ್ತದಂತೆ ಕಟ್ಟಿಹಾಕುತ್ತದೆ. ಕಣಿಲೆ (ಎಳೆ ಬಿದಿರು), ಅಣಬೆ ನಾಲಿಗೆಗೆ, ಮೂಳೆಗಲ್ಲ.

ಮುಟ್ಟು ನಿಂತ ಮಹಿಳೆಗೆ 1200 ಮಿಲಿಗ್ರಾಂ ಬೇಕು. ಅರ್ಧ ಲೀಟರ್ ಹಾಲು-ಮೊಸರಿನಿಂದ 600, 80 ಗ್ರಾಂ ರಾಗಿಯಿಂದ 290, 50 ಗ್ರಾಂ ನುಗ್ಗೆಸೊಪ್ಪಿನಿಂದ 150, ಒಂದು ದೊಡ್ಡ ಚಮಚ (10 ಗ್ರಾಂ) ಎಳ್ಳಿನಿಂದ ಸುಮಾರು 130. ಲೆಕ್ಕ ಹೆಚ್ಚುಕಡಿಮೆ ತುಂಬಿತು. 16 ರಿಂದ 18ರ ಮಕ್ಕಳಿಗೂ 1050 ಬೇಕು. ಮೂಳೆ ಗಟ್ಟಿಯಾಗುವ ಆ ವಯಸ್ಸಿನಲ್ಲಿ ಹಾಲಿನ ಜಾಗಕ್ಕೆ ಕಾಫಿ ಬರುವುದು ನಮಗೆ ನಿಜಕ್ಕೂ ಚಿಂತೆಯ ವಿಷಯ. ಒಂದರಿಂದ ಮೂರು ವರ್ಷದ ಮಗುವಿಗೆ 500 ಸಾಕು.

ಗರ್ಭಿಣಿಯರು ಸಂತೆಯ ರಾಗಿಯನ್ನು ನಂಬಿ ಆಸ್ಪತ್ರೆಯ ಕ್ಯಾಲ್ಸಿಯಂ ಮಾತ್ರೆ ಬಿಡಬಾರದು. ಅದನ್ನು ಊಟದ ಜೊತೆ ನುಂಗಿ, ಕಬ್ಬಿಣದ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ.