ಚಾಕಣ್‌ನ ಪ್ರೆಸ್ ಶಾಪಿನಲ್ಲಿ ವಿಆರ್ ಮತ್ತು ಎಆರ್: ಒಂದು ಸೇವೆಯ ವಿಮರ್ಶೆ

ಪುಣೆಯ ಚಾಕಣ್, ಭೋಸರಿ, ಪಿಂಪ್ರಿ-ಚಿಂಚವಾಡ ಭಾಗದ ಕಾರ್ಖಾನೆಗಳಿಗೆ ವರ್ಚುವಲ್ ರಿಯಾಲಿಟಿ (ವಿಆರ್) ತರಬೇತಿಯನ್ನೂ ಆಗ್ಮೆಂಟೆಡ್ ರಿಯಾಲಿಟಿಯ (ಎಆರ್) ದುರಸ್ತಿ ನೆರವನ್ನೂ ಒಂದೇ ವಾರ್ಷಿಕ ಒಪ್ಪಂದದಡಿ ಒದಗಿಸುವ ಸ್ಥಳೀಯ ಸಂಸ್ಥೆಯೊಂದರ ಸೇವೆಯನ್ನು ನಮ್ಮ ಘಟಕದಲ್ಲಿ ಬಳಸುತ್ತಿದ್ದೇವೆ. ವಾಹನ ತಯಾರಕರಿಗೆ ಶೀಟ್ ಮೆಟಲ್ ಬಿಡಿಭಾಗ ಪೂರೈಸುವ ಮಧ್ಯಮ ಗಾತ್ರದ ಘಟಕ ನಮ್ಮದು. ಮೇಂಟೆನೆನ್ಸ್ ವಿಭಾಗದ ಹೊಣೆ ನನ್ನದು. ಒಪ್ಪಂದದ ನವೀಕರಣ ಹತ್ತಿರವಾಗಿರುವ ಈ ಹೊತ್ತಿನಲ್ಲಿ, ಇಲ್ಲಿನ ಕನ್ನಡಿಗ ಉದ್ಯಮಿಗಳಲ್ಲಿ ಹಲವರು ಇದರ ಬಗ್ಗೆ ವಿಚಾರಿಸುತ್ತಿರುವುದರಿಂದ ಅನುಭವವನ್ನು ಬರೆದಿಡುವುದು ಉಚಿತವೆನಿಸಿತು. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ದುರಸ್ತಿ ನೆರವಿಗೆ ಕೊಟ್ಟ ಹಣ ಪೂರ್ತಿ ವಸೂಲಾಗಿದೆ, ತರಬೇತಿಗೆ ಕೊಟ್ಟದ್ದು ಅಪಾಯದ ಕೆಲಸಗಳ ಮಟ್ಟಿಗೆ ವಸೂಲಾಗಿದೆ, ಉಳಿದ ಕೆಲಸಗಳಿಗೆ ಆಗಿಲ್ಲ.

ವಿಆರ್ ಹೆಡ್‌ಸೆಟ್ ಕಣ್ಣನ್ನು ಪೂರ್ತಿ ಮುಚ್ಚಿ ಕೃತಕ ದೃಶ್ಯವೊಂದರೊಳಗೆ ನಮ್ಮನ್ನು ನಿಲ್ಲಿಸುತ್ತದೆ. ಎಆರ್‌ನಲ್ಲಿ ಎದುರಿನ ನಿಜವಾದ ಯಂತ್ರ ಕಾಣುತ್ತಲೇ ಇರುತ್ತದೆ, ಅದರ ಮೇಲೆ ಬಾಣ, ಅಂಕಿ, ಸೂಚನೆಗಳು ಮೂಡುತ್ತವೆ. ಇದೆಲ್ಲ ವಿಡಿಯೋ ಗೇಮ್‌ಗಳಿಂದ ಕಾರ್ಖಾನೆಗೆ ಬಂದದ್ದೆಂದು ಮಾರಾಟಕ್ಕೆ ಬರುವವರೇ ಹೇಳುವುದುಂಟು. ಎಆರ್ ಮಟ್ಟಿಗೆ ಈ ಮಾತು ಸರಿಯಲ್ಲ. ಬೋಯಿಂಗ್ ಕಂಪನಿಯ ಟಾಮ್ ಕಾಡೆಲ್ ಮತ್ತು ಡೇವಿಡ್ ಮೈಝೆಲ್ 1992ರಲ್ಲಿ ಪ್ರಕಟಿಸಿದ ಪ್ರಬಂಧದ ಉದ್ದೇಶವೇ ವಿಮಾನದ ವೈರಿಂಗ್ ಕಟ್ಟುಗಳನ್ನು ಜೋಡಿಸುವಂಥ ಕೆಲಸಗಾರರಿಗೆ ನಕ್ಷೆಯನ್ನು ಕಣ್ಣೆದುರೇ ತೋರಿಸುವುದಾಗಿತ್ತು. ಅಂದರೆ ಎಆರ್‌ನ ಮೊದಲ ಗಿರಾಕಿಗಳಲ್ಲಿ ತಯಾರಿಕಾ ವಲಯವೂ ಸೇರಿತ್ತು.

ಮೊದಲು ತರಬೇತಿಯ ಮಾತು. ನಮಗಾಗಿ ಸಿದ್ಧಪಡಿಸಿದ ಮುಖ್ಯ ಪಾಠ ತಗಡನ್ನು ಒತ್ತಿ ಆಕಾರ ಕೊಡುವ ಮೆಕ್ಯಾನಿಕಲ್ ಪವರ್ ಪ್ರೆಸ್ಸಿನಲ್ಲಿ ಡೈ, ಅಂದರೆ ಅಚ್ಚು, ಬದಲಾಯಿಸುವುದು. ಮೋಟಾರ್ ಬಂದ್ ಮಾಡಿದ ಮಾತ್ರಕ್ಕೆ ಪ್ರೆಸ್ ಸುರಕ್ಷಿತವಾಗುವುದಿಲ್ಲ. ಫ್ಲೈವೀಲ್ ಎಂಬ ದೊಡ್ಡ ಗಾಲಿ ತನ್ನ ಭಾರದಿಂದಲೇ ಬಹಳ ಹೊತ್ತು ತಿರುಗುತ್ತಿರುತ್ತದೆ, ಏರ್ ಲೈನಿನಲ್ಲಿ ಒತ್ತಡ ಉಳಿದಿರುತ್ತದೆ, ಡೈಯ ಮೇಲ್ಭಾಗವನ್ನು ಹೊತ್ತು ಮೇಲೆ ಕೆಳಗೆ ಚಲಿಸುವ ಸ್ಲೈಡ್ ಮೇಲೆ ನಿಂತಿದ್ದರೂ ಅದಕ್ಕೆ ಅದರದ್ದೇ ತೂಕವಿರುತ್ತದೆ. ಹೊಸಬರಿಗೆ ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ತಲೆಯಾಡಿಸುತ್ತಾರೆ, ಮನಸ್ಸಿಗೆ ಇಳಿಯುವುದಿಲ್ಲ. ಹೆಡ್‌ಸೆಟ್ ಹಾಕಿಕೊಂಡ ಹುಡುಗ ಏರ್ ಲೈನಿನ ಗಾಳಿ ಹೊರಬಿಡದೆ, ಸ್ಲೈಡ್ ಕುಸಿಯದಂತೆ ತಡೆಯುವ ಸೇಫ್ಟಿ ಬ್ಲಾಕ್ ಇಡದೆ ಡೈಯ ನಡುವೆ ಕೈ ಚಾಚಿದರೆ ಪಾಠದೊಳಗಿನ ಸ್ಲೈಡ್ ಧಡ್ ಎಂದು ಕೆಳಗಿಳಿಯುತ್ತದೆ. ನಿಜವಾದ ಪ್ರೆಸ್ ಅಲ್ಲವೆಂದು ತಿಳಿದಿದ್ದರೂ ಪ್ರತಿಯೊಬ್ಬನೂ ಕೈ ಹಿಂದಕ್ಕೆ ಎಳೆದುಕೊಂಡಿದ್ದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಆಮೇಲೆ ಶಾಪ್ ಫ್ಲೋರಿನಲ್ಲಿ ಅದೇ ಹುಡುಗರು ಯಾರೂ ಹೇಳದೆ ಬ್ಲಾಕ್ ತಂದಿಟ್ಟು, ಲಾಕ್ ಹಾಕಿ, ಗೇಜಿನ ಮುಳ್ಳು ಸೊನ್ನೆಗೆ ಬಂದದ್ದನ್ನು ನೋಡಿಕೊಂಡು ಕೆಲಸಕ್ಕೆ ಕೈ ಹಾಕುತ್ತಾರೆ. ನಿಜವಾಗಿ ಮಾಡಿಸಿ ಕಲಿಸಲು ಸಾಧ್ಯವೇ ಇಲ್ಲದ ತಪ್ಪನ್ನು ಮಾಡಿಸಿ ಕಲಿಸಬಲ್ಲದು ಎಂಬ ಒಂದೇ ಕಾರಣಕ್ಕೆ ಈ ಪಾಠವನ್ನು ನಾನು ಉಳಿಸಿಕೊಳ್ಳುತ್ತೇನೆ.

ಆದರೆ ಅದೇ ಪ್ಯಾಕೇಜಿನಲ್ಲಿ ಬಂದ ಬೋಲ್ಟ್ ಬಿಗಿಯುವುದು, ಬೆಸುಗೆಗೆ ಭಾಗಗಳನ್ನು ಹಿಡಿದಿಡುವ ವೆಲ್ಡಿಂಗ್ ಫಿಕ್ಸ್ಚರಿನಲ್ಲಿ ಭಾಗ ಕೂರಿಸುವುದು ಮೊದಲಾದ ಪಾಠಗಳ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಕೈಯಲ್ಲಿ ಹಿಡಿದ ಕಂಟ್ರೋಲರ್ ಸ್ವಲ್ಪ ಕಂಪಿಸುತ್ತದೆ, ಅಷ್ಟೆ; ತೂಕವಿಲ್ಲ, ಬಿಗಿಯಿಲ್ಲ. ವಿಜಯಪುರದ ಕಡೆಯ ನಮ್ಮ ಹಿರಿಯ ಫಿಟ್ಟರ್ ಒಬ್ಬರು ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಡುತ್ತ, “ಸರ, ಬೋಲ್ಟ್ ಬಿಗಿ ಆತೋ ಇಲ್ಲೋ ಅನ್ನೂದು ಕೈಗೆ ತಿಳೀಬೇಕ್ರಿ. ಇದ್ರಾಗ ಕೈಗೇನೂ ತಿಳಿಯಂಗಿಲ್ಲ” ಎಂದರು. ಇಂಥ ಕೆಲಸಕ್ಕೆ ಹಳೆಯ ಡೈಯೊಂದನ್ನು ಬೆಂಚಿನ ಮೇಲಿಟ್ಟು ಬಿಗಿ ಅಳೆಯುವ ಟಾರ್ಕ್ ರೆಂಚ್ ಕೈಗೆ ಕೊಡುವುದೇ ಮೇಲು, ಅಗ್ಗ ಕೂಡ.

ತಲೆ ಸುತ್ತುವ ದೂರು ಕೆಲವರಿಂದ ಬಂತು. ದೇಹ ನಿಂತಿದ್ದು ಕಣ್ಣು ಮಾತ್ರ ಚಲಿಸಿದಂತೆ ಭಾಸವಾದಾಗ ಒಳಕಿವಿಯ ಸಮತೋಲನದ ಅರಿವಿಗೂ ಕಣ್ಣಿಗೂ ತಾಳ ತಪ್ಪುವುದೇ ಇದಕ್ಕೆ ಕಾರಣ. ತಲೆ ತಿರುಗಿಸಿದ ಮೇಲೆ ದೃಶ್ಯ ಬದಲಾಗಲು ಹಿಡಿಯುವ ಸಮಯ ಸುಮಾರು 20 ಮಿಲಿಸೆಕೆಂಡಿನ ಒಳಗಿರಬೇಕೆಂಬುದು ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಅಳತೆ. ಸಂಸ್ಥೆಯವರು ಪಾಠವನ್ನು ತಿದ್ದಿ, ಕಂಟ್ರೋಲರಿನ ಕಡ್ಡಿಯಿಂದ ಜಾರಿಕೊಂಡು ಹೋಗುವುದರ ಬದಲು ಕೋಣೆಯಲ್ಲಿ ತಾನೇ ನಡೆದಾಡುವಂತೆ ಮಾಡಿಕೊಟ್ಟ ನಂತರ ದೂರು ಬಹುಮಟ್ಟಿಗೆ ನಿಂತಿತು. ಇದಕ್ಕಾಗಿ ಖಾಲಿ ಕೋಣೆಯೊಂದನ್ನು ಬಿಟ್ಟುಕೊಡಬೇಕಾಗುತ್ತದೆ ಎಂಬುದನ್ನು ಒಪ್ಪಂದಕ್ಕೆ ಮುಂಚೆ ಯಾರೂ ಹೇಳುವುದಿಲ್ಲ.

ಇನ್ನು ಎಆರ್. ಚಾಕಣ್‌ನಲ್ಲಿ ಕಾರ್ಖಾನೆ ನಡೆಸುವವರಿಗೆ ಯಂತ್ರ ನಿಲ್ಲುವುದಕ್ಕಿಂತ ಹೆಚ್ಚಿನ ಸಂಕಟವೆಂದರೆ ಸರ್ವಿಸ್ ಇಂಜಿನಿಯರ್ ಬರುವ ತನಕ ಕಾಯುವುದು. ಆತ ಬೆಂಗಳೂರಿನಿಂದಲೋ ಕೊಯಮತ್ತೂರಿನಿಂದಲೋ ಪುಣೆಗೆ ಬಂದಿಳಿದರೂ ನಾಶಿಕ್ ಹೆದ್ದಾರಿಯ ಟ್ರಾಫಿಕ್ ದಾಟಿ ನಮ್ಮ ಗೇಟು ಮುಟ್ಟುವುದು ಇನ್ನೊಂದು ಪ್ರಯಾಣ. ಈ ಸೇವೆಯಲ್ಲಿ ನಮ್ಮ ಟೆಕ್ನಿಷಿಯನ್ ಹೆಲ್ಮೆಟ್ಟಿಗೆ ಕ್ಯಾಮೆರಾ ಮತ್ತು ಒಂದು ಕಣ್ಣಿನ ಪುಟ್ಟ ಪರದೆಯಿರುವ ಉಪಕರಣ ಸಿಕ್ಕಿಸಿಕೊಳ್ಳುತ್ತಾನೆ. ದೂರದಲ್ಲಿರುವ ತಜ್ಞ ಅದೇ ದೃಶ್ಯವನ್ನು ತನ್ನ ಕಂಪ್ಯೂಟರಿನಲ್ಲಿ ನೋಡುತ್ತ, ಬೇಕಾದಲ್ಲಿ ಚಿತ್ರವನ್ನು ನಿಲ್ಲಿಸಿ, ಅದರ ಮೇಲೆ ಗುರುತು ಹಾಕಿ ತೋರಿಸುತ್ತಾನೆ. ಟೆಕ್ನಿಷಿಯನ್‌ನ ಎರಡೂ ಕೈ ಖಾಲಿಯಿರುತ್ತವೆ ಎಂಬುದೇ ಮೊಬೈಲ್ ವಿಡಿಯೋ ಕರೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ.

ಒಂದು ಪ್ರಸಂಗ ಹೇಳಿದರೆ ಸಾಕು. ನಮ್ಮ ಟೂಲ್ ರೂಮಿನಲ್ಲಿ ಲೋಹ ಕೊರೆಯುವ ಕಂಪ್ಯೂಟರ್ ನಿಯಂತ್ರಿತ ಯಂತ್ರವಾದ ವರ್ಟಿಕಲ್ ಮಷಿನಿಂಗ್ ಸೆಂಟರಿನಲ್ಲಿ ಟೂಲ್ ಬದಲಿಸುವ ತೋಳು ಅರ್ಧದಾರಿಯಲ್ಲೇ ನಿಂತು ಅಲಾರಂ ಕೊಟ್ಟಿತು. ತೋಳನ್ನು ಬಲವಂತವಾಗಿ ತಿರುಗಿಸಿದರೆ ಟೂಲ್ ಹಿಡಿದು ತಿರುಗುವ ಸ್ಪಿಂಡಲಿಗೆ ಪೆಟ್ಟಾಗಬಹುದೆಂದು ಯಾರೂ ಮುಟ್ಟಲಿಲ್ಲ. ಬೆಂಗಳೂರಿನ ಇಂಜಿನಿಯರ್ ಹೆಲ್ಮೆಟ್ ಕ್ಯಾಮೆರಾದಲ್ಲಿ ಮೊದಲು ಯಂತ್ರದ ನಿಯಂತ್ರಣ ಪರದೆಯಲ್ಲಿ ಸೆನ್ಸರುಗಳ ಸ್ಥಿತಿ ತೋರಿಸುವ ಇನ್‌ಪುಟ್ ಪುಟ ತೋರಿಸಲು ಹೇಳಿದರು. ಆಮೇಲೆ ತೋಳಿನ ಹಿಂಬದಿಯ ಕವರ್ ಬಿಚ್ಚಿಸಿ ತೋಳು ಎಲ್ಲಿದೆಯೆಂದು ಮುಟ್ಟದೆಯೇ ಗುರುತಿಸುವ, ಒಳಗಿನ ಮೂರು ಪ್ರಾಕ್ಸಿಮಿಟಿ ಸೆನ್ಸರುಗಳಲ್ಲಿ ನಡುವಿನದಕ್ಕೆ ಕೆಂಪು ವೃತ್ತ ಹಾಕಿ, “ಇದರ ದೀಪ ಹತ್ತುತ್ತಿಲ್ಲ ನೋಡಿ” ಎಂದರು. ಸೆನ್ಸರಿನ ಮೂತಿಗೆ ಕೂಲಂಟಿನ ಜಿಡ್ಡಿನೊಂದಿಗೆ ಲೋಹದ ಪುಡಿ ಅಂಟಿಕೊಂಡಿತ್ತು. ಒರೆಸಿ, ಅಂತರ ಸರಿಪಡಿಸಿ, ಮೋಟಾರಿನ ಬ್ರೇಕ್ ಬಿಡಿಸಿ ಕೈಯಿಂದಲೇ ತೋಳನ್ನು ಮೂಲಸ್ಥಾನಕ್ಕೆ ತಂದು ಅದೇ ಶಿಫ್ಟಿನಲ್ಲಿ ಯಂತ್ರ ಚಾಲೂ ಮಾಡಿದೆವು. ಇಡೀ ಕರೆಯ ರೆಕಾರ್ಡಿಂಗ್ ನಮ್ಮಲ್ಲೇ ಉಳಿಯುತ್ತದೆ; ಮುಂದಿನ ಬಾರಿ ಇದೇ ಅಲಾರಂ ಬಂದರೆ ರಾತ್ರಿ ಪಾಳಿಯವರು ಯಾರನ್ನೂ ಎಬ್ಬಿಸಬೇಕಿಲ್ಲ. ನಿವೃತ್ತಿಯ ಅಂಚಿನಲ್ಲಿರುವ ಫಿಟ್ಟರುಗಳಿಗೆ ಇದೇ ಉಪಕರಣ ತೊಡಿಸಿ ಅವರ ಕೈಕೆಲಸವನ್ನು ಸೆರೆಹಿಡಿಯಲು ಆರಂಭಿಸಿದ್ದೇವೆ. ಸಂಸ್ಥೆಯ ಜಾಹೀರಾತಿನಲ್ಲಿ ಇಲ್ಲದ ಈ ಉಪಯೋಗವೇ ನನ್ನ ದೃಷ್ಟಿಯಲ್ಲಿ ಅತ್ಯಂತ ಬೆಲೆಬಾಳುವಂಥದ್ದು.

ಕೊರತೆಗಳೂ ಇವೆ. ತಗಡಿನ ಶೆಡ್ಡಿನೊಳಗೆ ಮೊಬೈಲ್ ಸಿಗ್ನಲ್ ನಿಲ್ಲುವುದಿಲ್ಲವಾದ್ದರಿಂದ ವೈಫೈ ವ್ಯವಸ್ಥೆಗೆ ಬೇರೆಯೇ ಖರ್ಚು ಬಂತು. ಪ್ರೆಸ್ಸುಗಳ ಸದ್ದಿನಲ್ಲಿ ಧ್ವನಿ ಆದೇಶಗಳು ಕೆಲವೊಮ್ಮೆ ಹತ್ತುವುದಿಲ್ಲ. ಸೂಚನೆಗಳು ಸರಿಯಾದ ಜಾಗದಲ್ಲಿ ಮೂಡಲೆಂದು ಯಂತ್ರಕ್ಕೆ ಅಂಟಿಸಿದ ಗುರುತುಪಟ್ಟಿಗಳು ಎಣ್ಣೆ ಕುಡಿದು ಓದಲಾರದಂತಾಗುತ್ತವೆ. ಲ್ಯಾಮಿನೇಟ್ ಮಾಡಿದ ಮೇಲೂ ವಾರಕ್ಕೊಮ್ಮೆ ಒರೆಸಲೇಬೇಕು. ಬೇಸಿಗೆಯಲ್ಲಿ ಹೆಡ್‌ಸೆಟ್ಟಿನ ಸ್ಪಂಜು ಒಬ್ಬರ ಬೆವರನ್ನು ಇನ್ನೊಬ್ಬರ ಹಣೆಗೆ ದಾಟಿಸುತ್ತದೆ. ತೊಳೆಯಬಹುದಾದ ರಬ್ಬರಿನ ಹೊದಿಕೆ ಕೇಳಿ ಪಡೆಯಿರಿ, ತಾವಾಗಿ ಅವರು ಕೊಡುವುದಿಲ್ಲ.

ಉಪಕರಣವನ್ನು ಸ್ವಂತಕ್ಕೆ ಕೊಳ್ಳಬೇಕೋ ಬಾಡಿಗೆಗೆ ಪಡೆಯಬೇಕೋ ಎಂಬ ಪ್ರಶ್ನೆಯಲ್ಲಿ ನಾನು ಖಚಿತವಾಗಿ ಬಾಡಿಗೆಯ ಪಕ್ಷ. 2019ರಲ್ಲಿ 3,500 ಡಾಲರ್ ಬೆಲೆಯೊಂದಿಗೆ ಘೋಷಣೆಯಾದ ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ 2 ಕಾರ್ಖಾನೆಗಳ ಅಚ್ಚುಮೆಚ್ಚಿನ ಕನ್ನಡಕವಾಗಿತ್ತು. 2024ರಲ್ಲಿ ಅದರ ಉತ್ಪಾದನೆಯನ್ನೇ ಕಂಪನಿ ನಿಲ್ಲಿಸಿತು. ಗೂಗಲ್ ಗ್ಲಾಸ್‌ನ ಉದ್ಯಮ ಆವೃತ್ತಿಯ ಮಾರಾಟ 2023ರಲ್ಲೇ ನಿಂತಿತ್ತು. ಒಂದು ಪ್ರೆಸ್ ಮೂವತ್ತು ವರ್ಷ ದುಡಿಯುತ್ತದೆಂದು ಲೆಕ್ಕ ಹಾಕಿ ಬಂಡವಾಳ ಹೂಡುವ ನಮ್ಮಂಥವರಿಗೆ ಇಷ್ಟು ಅಲ್ಪಾಯುಷಿ ಸಾಮಗ್ರಿಯನ್ನು ಲೆಕ್ಕಪುಸ್ತಕದಲ್ಲಿ ಎಲ್ಲಿ ಕೂರಿಸುವುದೆಂದೇ ತಿಳಿಯುವುದಿಲ್ಲ. ಉಪಕರಣ ಬದಲಾದರೆ ಪಾಠಗಳನ್ನು ಹೊಸದಕ್ಕೆ ಹೊಂದಿಸುವ ಖರ್ಚು ಯಾರದೆಂಬುದು ಬರಹದಲ್ಲಿರಬೇಕು. ನಮ್ಮ ಮೊದಲ ಒಪ್ಪಂದದಲ್ಲಿ ಈ ಅಂಶವನ್ನು ಅವರು ಸೇರಿಸಿರಲಿಲ್ಲ, ನಾವು ಹಟ ಹಿಡಿದು ಸೇರಿಸಿದೆವು.

ಪಾಠ ತಯಾರಿಕೆಯ ಶುಲ್ಕವೂ ಹೆಡ್‌ಸೆಟ್ಟಿನ ಬಾಡಿಗೆಗಿಂತ ದೊಡ್ಡ ಬಾಬತ್ತು. ಯಂತ್ರದ ಕ್ಯಾಡ್ ಮಾದರಿ (ಕಂಪ್ಯೂಟರಿನಲ್ಲಿ ರಚಿಸಿದ ವಿನ್ಯಾಸ) ಇದ್ದರೂ ಅದನ್ನು ನೇರವಾಗಿ ಹೆಡ್‌ಸೆಟ್ಟಿಗೆ ತುಂಬಲಾಗದು. ಮೊಬೈಲ್ ದರ್ಜೆಯ ಅದರ ಪ್ರೊಸೆಸರಿಗೆ ಹೊರೆಯಾಗದಂತೆ ಮೇಲ್ಮೈಗಳನ್ನು ತ್ರಿಕೋನಗಳಾಗಿ ಒಡೆದು, ಅವುಗಳ ಸಂಖ್ಯೆ ಇಳಿಸಬೇಕು. ಹಳೆಯ ಪ್ರೆಸ್ಸುಗಳಿಗೆ ಕ್ಯಾಡ್ ಇರಲೇ ಇಲ್ಲವಾದ್ದರಿಂದ ಸ್ಕ್ಯಾನ್ ಮಾಡಿ ಹೊಸದಾಗಿ ಕಟ್ಟಬೇಕಾಯಿತು. ಈ ಭಾಗದ ಕಾರ್ಖಾನೆಗಳಿಗೆ ಗುರುವಾರ ರಜೆಯಿರುವುದರಿಂದ ಆ ಕೆಲಸಕ್ಕೆ ಉತ್ಪಾದನೆ ನಿಲ್ಲಿಸುವ ಪ್ರಮೇಯ ಬರಲಿಲ್ಲ. ಧ್ವನಿ ವಿವರಣೆ ಮರಾಠಿ ಮತ್ತು ಹಿಂದಿಯಲ್ಲಿ ಸಿದ್ಧವಿತ್ತು. ಕಲಬುರಗಿ, ವಿಜಯಪುರದ ಹುಡುಗರಿಗಾಗಿ ಕನ್ನಡವನ್ನು ನಮ್ಮ ಫೋರ್‌ಮನ್ ಅವರ ದನಿಯಲ್ಲೇ ಸೇರಿಸಿಕೊಟ್ಟರು, ಹೆಚ್ಚುವರಿ ಹಣ ಕೇಳಲಿಲ್ಲ.

ಹೊಸ ವೆಲ್ಡಿಂಗ್ ಸೆಲ್ಲಿನ ವಿನ್ಯಾಸವನ್ನು ವಿಆರ್‌ನಲ್ಲಿ ನಡೆದು ನೋಡುವ ಅವಕಾಶವೂ ಪ್ಯಾಕೇಜಿನಲ್ಲಿತ್ತು. ಫೋರ್ಕ್‌ಲಿಫ್ಟ್ ತಿರುಗಲು ಜಾಗ ಸಾಲದೆಂಬುದು ಅಡಿಪಾಯ ಹಾಕುವ ಮುನ್ನವೇ ತಿಳಿಯಿತು. ವರ್ಷಕ್ಕೊಮ್ಮೆ ಬೇಕಾಗುವ ಇಂಥ ಕೆಲಸಕ್ಕೆ ಬಿಡಿಯಾಗಿ ದರ ಕೇಳುವುದು ಲೇಸು.

ಕೊನೆಯದಾಗಿ ಗೋಪ್ಯತೆ. ಹೆಲ್ಮೆಟ್ ಕ್ಯಾಮೆರಾ ಎದುರಿಗೆ ಕಂಡದ್ದನ್ನೆಲ್ಲ ಚಿತ್ರಿಸುತ್ತದೆ, ಮಾರುಕಟ್ಟೆಗೆ ಇನ್ನೂ ಬಾರದ ವಾಹನದ ಬಿಡಿಭಾಗಗಳನ್ನೂ ಬಿಡುವುದಿಲ್ಲ. ಗ್ರಾಹಕ ಕಂಪನಿಗಳ ಲಿಖಿತ ಒಪ್ಪಿಗೆಯಿಲ್ಲದೆ ರೆಕಾರ್ಡಿಂಗ್ ಹೊರಗಿನ ಸರ್ವರಿನಲ್ಲಿ ಇಡಬಾರದೆಂಬ ಷರತ್ತನ್ನು ಹೊಸ ಒಪ್ಪಂದದಲ್ಲಿ ಹಾಕುತ್ತಿದ್ದೇವೆ. ಅದಕ್ಕೆ ಸಂಸ್ಥೆ ಒಪ್ಪಿದರೆ ದುರಸ್ತಿ ನೆರವನ್ನು ಎರಡೂ ಶೆಡ್ಡುಗಳಿಗೆ ವಿಸ್ತರಿಸಿ, ತರಬೇತಿಯಲ್ಲಿ ಡೈ ಬದಲಾವಣೆಯ ಪಾಠವೊಂದನ್ನೇ ಉಳಿಸಿಕೊಂಡು ನವೀಕರಿಸುತ್ತೇವೆ; ಬೋಲ್ಟ್ ಮತ್ತು ಫಿಕ್ಸ್ಚರ್ ಪಾಠಗಳ ಶುಲ್ಕವನ್ನು ಪಟ್ಟಿಯಿಂದ ತೆಗೆಯಲು ಈಗಾಗಲೇ ತಿಳಿಸಿದ್ದೇನೆ.