ಓಲ್ಡ್ ಸ್ಕೂಲ್ ರೂನ್‌ಸ್ಕೇಪಾ, ಗಿಲ್ಡ್ ವಾರ್ಸ್ 2 ಆ?

ಎರಡೂ ಇಂಟರ್ನೆಟ್‌ನಲ್ಲಿ ಬೇರೆಯವರ ಜೊತೆ ಆಡುವ ಆಟಗಳು, ಎರಡನ್ನೂ ದುಡ್ಡಿಲ್ಲದೆ ಶುರು ಮಾಡಬಹುದು. ಗಿಲ್ಡ್ ವಾರ್ಸ್‌ಗೆ ಒಳ್ಳೆ ಕಂಪ್ಯೂಟರ್ ಬೇಕು, ಡೌನ್‌ಲೋಡ್ ಹತ್ತಾರು ಜಿಬಿ. ಶಿವಮೊಗ್ಗ ಪೇಟೆಯಲ್ಲಿ ಸರಿ. ಆಗುಂಬೆ, ಹೊಸನಗರದ ಕಡೆ ಮಳೆಗಾಲದಲ್ಲಿ ಕರೆಂಟ್ ಕೈಕೊಟ್ಟರೆ ಮೊಬೈಲಿನಲ್ಲೂ ಓಡುವ ರೂನ್‌ಸ್ಕೇಪೇ ವಾಸಿ.

ಗಿಲ್ಡ್ ವಾರ್ಸ್‌ನಲ್ಲಿ ಯೋಧನೋ ಮಾಂತ್ರಿಕನೋ ಅಂತ ಮೊದಲೇ ಆರಿಸಬೇಕು, ಆ ಪಾತ್ರಕ್ಕೆ ಆಮೇಲೆ ಬದಲಾವಣೆ ಇಲ್ಲ. ರೂನ್‌ಸ್ಕೇಪ್‌ನಲ್ಲಿ ಆ ಗೊಡವೆಯೇ ಇಲ್ಲ. ಆಟ ಶುರುವಾಗುವ ಊರಾದ ಲಂಬ್ರಿಜ್ ಸುತ್ತ ಮರ ಕಡಿಯಿರಿ, ಬಲೆ ಹಾಕಿ ಸೀಗಡಿ ಹಿಡಿಯಿರಿ, ಅದೇ ಕಟ್ಟಿಗೆಗೆ ಬೆಂಕಿ ಹಚ್ಚಿ ಬೇಯಿಸಿ. ಶುರುವಿನಲ್ಲಿ ಕರಕಲಾಗೋದು ಮಾಮೂಲು! ಒಂದೇ ಪಾತ್ರ ಎಲ್ಲ ಕಸುಬನ್ನೂ ಕಲಿಯುತ್ತದೆ. ನನಗೆ ಇದೇ ಇಷ್ಟ, ಆದರೆ ತಾಳ್ಮೆ ಜಾಸ್ತಿ ಬೇಕು.

ಗಿಲ್ಡ್ ವಾರ್ಸ್‌ನ ಕಾಡುಮೇಡಿನಲ್ಲಿ ನೀವು ಬಿದ್ದರೆ ದಾರಿಹೋಕ ಆಟಗಾರರೇ ಎಬ್ಬಿಸುತ್ತಾರೆ. ರೂನ್‌ಸ್ಕೇಪ್‌ನ ವೈಲ್ಡರ್‌ನೆಸ್ ಅನ್ನೋ ಅಪಾಯದ ಪ್ರದೇಶದಲ್ಲಿ ಬೇರೆ ಆಟಗಾರರೇ ಕೊಂದು ಸಾಮಾನು ದೋಚಬಹುದು. ಅಪರಿಚಿತರು ಅಲ್ಲಿಗೆ ಕರೆದರೆ ಸುಮ್ನೆ ಸಾಮಾನು ಭದ್ರವಾಗಿಡುವ ಆಟದ ಬ್ಯಾಂಕ್ ಕಡೆ ನಡೆಯಿರಿ.